ಲ್ಯಾಪ್‌ಟಾಪ್ ಕೊಳ್ಳುವಾಗ: ಸುರಂಗದ ನೀರಿಗೆ ಎಷ್ಟಿಂಚಿನ ಪೈಪು?

ಕಳೆದ ಮೇ ತಿಂಗಳ ರಜೆಯಲ್ಲಿ ಗೋವಾಕ್ಕೆ ಹೋಗುವ ಪ್ರಸಂಗ ಬಂತು. ನನ್ನ ದೊಡ್ಡಮ್ಮನ ಮಗ ಪಣಜಿಯಲ್ಲಿ ಉದ್ಯೋಗದಲ್ಲಿದ್ದಾನೆ. ವಾಸ ಮಾತ್ರ ಚಿಂಬಲ್‌ನಲ್ಲಿ. ಕಾಸರಗೋಡಿನಲ್ಲಿ ರೈಲು ಹತ್ತಿ ಕರ್ಮಲಿಯಲ್ಲಿ ಇಳಿದರೆ ಚಿಂಬಲ್ ಹೆಚ್ಚು ದೂರವಿಲ್ಲ. ಪಣಜಿಗೂ ಹಳೆ ಗೋವಾಕ್ಕೂ ನಡುವೆ, ರಿಬಂದರದ ಮೇಲ್ಬದಿಗಿರುವ ಊರು. ಅಲ್ಲಿನ ಇಂದಿರಾನಗರದ ಓಣಿಗಳಲ್ಲಿ ಸಂಜೆ ಹೊತ್ತು ನಡೆದರೆ ಬಾಗಿಲು ಬಾಗಿಲಿಗೂ ಕನ್ನಡ ಕೇಳಿಸುತ್ತದೆ. ಉತ್ತರ ಕರ್ನಾಟಕದಿಂದ ದುಡಿಮೆಗೆಂದು ಬಂದು ನೆಲೆಸಿದ ಕುಟುಂಬಗಳು. ಮನೆಯೊಳಗೆ ಕನ್ನಡ, ಪೇಟೆಯಲ್ಲಿ ಕೊಂಕಣಿ, ಕಚೇರಿಯಲ್ಲಿ ಇಂಗ್ಲಿಷು. ಮನೆಗೊಂದು ಭಾಷೆ, ಹೊರಗೊಂದು ಭಾಷೆ ಎಂಬುದು ನಮಗೆ ಹೊಸತಲ್ಲವಾದ್ದರಿಂದ ನನಗೆ ಅಲ್ಲಿ ಪರಸ್ಥಳವೆನ್ನಿಸಲಿಲ್ಲ.

ಮೂರನೆಯ ದಿನ ರಾತ್ರಿ ಊಟ ಮುಗಿಸಿ ಕುಳಿತಿದ್ದೆವು. ನೆರೆಮನೆಯ ಗೃಹಸ್ಥರು ಮಗಳೊಂದಿಗೆ ಬಂದರು. ಅವರು ಗೌಂಡಿ ಕೆಲಸದವರು. ಮಗಳು ಹನ್ನೆರಡನೆಯ ತರಗತಿ ಪಾಸಾಗಿ ಕಂಪ್ಯೂಟರ್ ಪದವಿ ತರಗತಿಗೆ ಸೇರಲಿದ್ದಾಳೆ. ಎರಡು ವರ್ಷ ಚೀಟಿ ಕಟ್ಟಿ ಕೂಡಿಸಿದ ಹಣದಲ್ಲಿ ಅವಳಿಗೊಂದು ಲ್ಯಾಪ್‌ಟಾಪ್ ಕೊಡಿಸಬೇಕು. ಅಂಗಡಿಯಿಂದ ಎರಡು ಯಂತ್ರಗಳ ದರ ಬರೆಸಿಕೊಂಡು ಬಂದ ಚೀಟಿಯನ್ನು ಅವರು ನನ್ನ ಮುಂದಿಟ್ಟರು. ಎರಡರಲ್ಲೂ ಪ್ರೊಸೆಸರ್ ಒಂದೇ, ಮೆಮೊರಿ 8 ಜಿಬಿ, ಸಂಗ್ರಹ 512 ಜಿಬಿ. ಬೆಲೆಯಲ್ಲಿ ಮಾತ್ರ ಆರು ಸಾವಿರ ರೂಪಾಯಿ ವ್ಯತ್ಯಾಸ.

“ಸರ, ಅಂಗಡ್ಯಾವ ಹೇಳ್ತಾನ, ಇದರ ವೈರಿನ ತೂತ ಸಾವಿರದ್ದಂತ, ಅದರದ್ದು ಬರೀ ನೂರದ್ದಂತ. ಸಾವಿರದ್ದಾದ್ರ ಇಂಟರ್ನೆಟ್ ಹತ್ತು ಪಟ್ಟು ಓಡ್ತೈತಂತ. ನೂರದ್ದು ತಗೊಂಡ್ರ ಹುಡುಗಿ ಅಭ್ಯಾಸ ಹಿಂದ ಬೀಳ್ತೈತೇನ್ರಿ?” ಎಂದು ಅವರು ಕೇಳಿದರು.

ಪ್ರಶ್ನೆ ಸಣ್ಣದಲ್ಲ. ಆರು ಸಾವಿರವೆಂದರೆ ಅವರ ಮನೆಯಲ್ಲಿ ಒಂದು ವಾರದ ಬೆವರು. ಇದೇ ಪ್ರಶ್ನೆಯನ್ನು ನಮ್ಮ ಶಾಲೆಯ ಮಕ್ಕಳ ತಂದೆತಾಯಂದಿರೂ ಪ್ರತಿವರ್ಷ ಜೂನ್ ತಿಂಗಳಲ್ಲಿ ಬೇರೆ ಬೇರೆ ರೀತಿಯಲ್ಲಿ ಕೇಳುತ್ತಾರೆ. ಆದುದರಿಂದ ಚಿಂಬಲ್‌ನಲ್ಲಿ ಅವರಿಗೆ ಹೇಳಿದ್ದನ್ನೇ ಇಲ್ಲಿ ತುಸು ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲು ನನ್ನ ಪೆದ್ದುತನವನ್ನೇ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಮನೆಗೊಂದು ಲ್ಯಾಪ್‌ಟಾಪ್ ಕೊಳ್ಳುವಾಗ ನಾನೂ ‘ಸಾವಿರದ್ದೇ ಬೇಕು’ ಎಂದು ಹಟ ಹಿಡಿದು ಹೆಚ್ಚು ಕೊಟ್ಟಿದ್ದೆ. ಮನೆಗೆ ತಂದು ತಂತಿ ಸಿಕ್ಕಿಸಿ ನೋಡಿದರೆ ಇಂಟರ್ನೆಟ್ ಮೊದಲಿದ್ದಷ್ಟೇ. ಪರದೆಯಲ್ಲಿ ನೋಡಿದಾಗ ಜೋಡಣೆಯ ವೇಗ 100 ಎಂದೇ ಇತ್ತು. ಕೊನೆಗೆ ತಂತಿಯ ತುದಿಯ ಪ್ಲಗ್ಗನ್ನು ಪರೀಕ್ಷಿಸಿದಾಗ ಗುಟ್ಟು ಹೊರಬಿತ್ತು. ಒಳಗೆ ಎಂಟು ಎಳೆ ಇರಬೇಕಾದಲ್ಲಿ ನಾಲ್ಕನ್ನು ಮಾತ್ರ ಜೋಡಿಸಿದ್ದರು. 100ರ ವೇಗಕ್ಕೆ ನಾಲ್ಕು ಎಳೆ ಸಾಕು. 1000ಕ್ಕೆ ಎಂಟೂ ಬೇಕು. ಹೊಸ ಪ್ಲಗ್ ಹಾಕಿಸಿದ ಮೇಲೆ ಪರದೆಯಲ್ಲಿ 1000 ಎಂದು ಬಂತು. ನನಗೆ ಸಂತೋಷವೂ ಆಯಿತು. ಆದರೆ ಇಂಟರ್ನೆಟ್‌ನ ವೇಗ ಕೂದಲೆಳೆಯಷ್ಟೂ ಹೆಚ್ಚಲಿಲ್ಲ. ಏಕೆಂದರೆ ನಾನು ತಿಂಗಳು ತಿಂಗಳು ಹಣ ಕಟ್ಟುತ್ತಿದ್ದುದು 30 ಮೆಗಾಬಿಟ್‌ನ ಲೈನಿಗೆ.

ನಮ್ಮ ಓದುಗರಿಗೆ ಇದನ್ನು ಸುರಂಗದ ದೃಷ್ಟಾಂತದಿಂದ ಹೇಳಿದರೆ ಸುಲಭವಾಗಿ ತಿಳಿದೀತು. ಶೇಣಿ, ಬಾಯಾರು ಕಡೆಯ ಗುಡ್ಡಗಳಲ್ಲಿ ಮುರಕಲ್ಲು ಕೊರೆದು ಹಿರಿಯರು ಸುರಂಗ ತೋಡಿದ್ದಾರೆ. ಬೇಸಗೆಯಲ್ಲಿ ಅದರಿಂದ ಹೆಬ್ಬೆರಳು ಗಾತ್ರದ ನೀರು ಬರುತ್ತದೆ ಎಂದಿಟ್ಟುಕೊಳ್ಳಿ. ಅಡಿಕೆಯ ದಂಬೆ ಇಟ್ಟು ಆ ನೀರನ್ನು ಅಂಗಳಕ್ಕೆ ತಂದರೂ ಅಷ್ಟೇ ನೀರು, ನಾಲ್ಕಿಂಚಿನ ಪೈಪು ಹಾಕಿದರೂ ಅಷ್ಟೇ ನೀರು. ಪೈಪು ದೊಡ್ಡದಾದರೆ ಗುಡ್ಡ ಹೆಚ್ಚು ಸುರಿಸುವುದಿಲ್ಲ. ಲ್ಯಾಪ್‌ಟಾಪಿನ ಪೋರ್ಟು ಪೈಪಿನ ಬಾಯಿ. ಮನೆಗೆ ಬರುವ ಇಂಟರ್ನೆಟ್ ಲೈನು ಸುರಂಗ. ಬಾಯಿಗಿಂತ ಹೆಚ್ಚು ನೀರು ಬರುವ ಕಾಲಕ್ಕೆ ಮಾತ್ರ ಬಾಯಿಯ ಅಗಲ ಮುಖ್ಯವಾಗುತ್ತದೆ.

ಈ ಪೋರ್ಟಿಗೆ ಈಥರ್ನೆಟ್ ಪೋರ್ಟ್ ಎಂದು ಹೆಸರು. 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್ಕಾಫ್ ಮತ್ತು ಡೇವಿಡ್ ಬಾಗ್ಸ್ ಎಂಬವರು ಈ ವ್ಯವಸ್ಥೆಯನ್ನು ರೂಪಿಸಿದರು. ಬೆಳಕು ಸಾಗುವುದಕ್ಕೆ ಆಕಾಶದಲ್ಲೆಲ್ಲ ‘ಈಥರ್’ ಎಂಬ ಮಾಧ್ಯಮ ತುಂಬಿದೆಯೆಂದು ಹಿಂದಿನ ಕಾಲದ ವಿಜ್ಞಾನಿಗಳು ನಂಬಿದ್ದರು. ಆ ನಂಬಿಕೆ ಬಿದ್ದುಹೋಯಿತು. ಹೆಸರು ಮಾತ್ರ ಹೀಗೆ ಉಳಿಯಿತು. ಮೊದಲ ಈಥರ್ನೆಟ್‌ನ ವೇಗ ಸೆಕೆಂಡಿಗೆ 3 ಮೆಗಾಬಿಟ್‌ಗಿಂತ ತುಸು ಕಡಿಮೆ. 1995ರಲ್ಲಿ 100 ಮೆಗಾಬಿಟ್‌ನದು ಬಂತು. ಅದನ್ನು ‘ಫಾಸ್ಟ್ ಈಥರ್ನೆಟ್’ ಎಂದು ಕರೆದರು. 1999ರಲ್ಲಿ ಸಾಮಾನ್ಯ ತಾಮ್ರದ ತಂತಿಯ ಮೇಲೆಯೇ 1000 ಮೆಗಾಬಿಟ್ ಹರಿಸುವ ಕ್ರಮ ಬಂತು, ಇದು ‘ಗಿಗಾಬಿಟ್’. 2016ರಲ್ಲಿ 2500 ಮತ್ತು 5000 ಮೆಗಾಬಿಟ್‌ನವೂ ಬಂದವು.

ಇಲ್ಲಿ ಒಂದು ಎಚ್ಚರಿಕೆ. ಡಬ್ಬದ ಮೇಲೆ ‘ಫಾಸ್ಟ್ ಈಥರ್ನೆಟ್’ ಎಂದಿದ್ದರೆ ಅದೇ ವೇಗದ್ದು ಎಂದು ಭ್ರಮಿಸಬೇಡಿ. ಅದು 100ರದ್ದು, ಇಂದು ಮಾರಾಟಕ್ಕಿರುವವುಗಳಲ್ಲಿ ನಿಧಾನದ್ದೇ ಅದು. ನಮ್ಮ ಹೊಸಂಗಡಿಗೆ ಎಷ್ಟು ವರ್ಷವಾದರೂ ಹೆಸರಿನಲ್ಲಿ ‘ಹೊಸ’ ಉಳಿದ ಹಾಗೆ ಇದೂ ಉಳಿದಿದೆ. ‘10/100’ ಎಂದಿದ್ದರೆ ನೂರರದ್ದು, ‘10/100/1000’ ಎಂದಿದ್ದರೆ ಸಾವಿರದ್ದು ಎಂದು ತಿಳಿಯಬೇಕು.

ಇನ್ನು ಲೆಕ್ಕ. ಅಂಗಡಿಯವರು ಹೇಳುವುದು ಬಿಟ್‌ಗಳಲ್ಲಿ. ನಾವು ಫೈಲಿನ ಗಾತ್ರ ನೋಡುವುದು ಬೈಟ್‌ಗಳಲ್ಲಿ. 8 ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ 100 ಮೆಗಾಬಿಟ್ ಎಂದರೆ ಸೆಕೆಂಡಿಗೆ 12.5 ಮೆಗಾಬೈಟ್, 1000 ಎಂದರೆ 125 ಮೆಗಾಬೈಟ್. 1 ಜಿಬಿ ಗಾತ್ರದ ಸಿನಿಮಾ ನೂರರ ಪೋರ್ಟಿನಲ್ಲಿ 80 ಸೆಕೆಂಡು, ಸಾವಿರದ್ದರಲ್ಲಿ 8 ಸೆಕೆಂಡು. ಕಾಗದದ ಮೇಲೆ ವ್ಯತ್ಯಾಸ ದೊಡ್ಡದೇ. ಆದರೆ ಚಿಂಬಲ್‌ನ ಆ ಮನೆಗಿದ್ದುದು 40 ಮೆಗಾಬಿಟ್‌ನ ಲೈನು. ಆ ಲೈನಿನಲ್ಲಿ ಅದೇ ಸಿನಿಮಾ ಬರುವುದಕ್ಕೆ 200 ಸೆಕೆಂಡು ಬೇಕು. ಪೋರ್ಟು ನೂರರದ್ದಾದರೂ 200, ಸಾವಿರದ್ದಾದರೂ 200. ಅಂದರೆ ಆರು ಸಾವಿರ ಕೊಟ್ಟು ಆ ಹುಡುಗಿ ಒಂದು ಸೆಕೆಂಡನ್ನೂ ಉಳಿಸುತ್ತಿರಲಿಲ್ಲ.

ವಿದ್ಯಾಭ್ಯಾಸಕ್ಕೆ ನಿಜವಾಗಿ ಎಷ್ಟು ಬೇಕು? ಮುಖ ಕಾಣುವ ಪಾಠಕ್ಕೆ, ಚಿತ್ರ ಚೆನ್ನಾಗಿಯೇ ಬರಬೇಕೆಂದರೂ, ಮೂರು ನಾಲ್ಕು ಮೆಗಾಬಿಟ್ ಸಾಕು. 30 ಮೆಗಾಬೈಟ್‌ನ ಒಂದು ಪಠ್ಯಪುಸ್ತಕವನ್ನು 40ರ ಲೈನಿನಲ್ಲಿ ಇಳಿಸಿಕೊಳ್ಳುವುದಕ್ಕೆ 6 ಸೆಕೆಂಡು. ಬರಿಯ ಕನ್ನಡ ಅಕ್ಷರಗಳಾದರೆ ಇನ್ನೂ ಹಗುರ. ಅಂತರಜಾಲದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ತಗಲುತ್ತದೆ. ಎರಡು ಸಾವಿರ ಸಂಕೇತಗಳ ಒಂದು ಪುಟಕ್ಕೆ 6 ಸಾವಿರ ಬೈಟ್. ಕೇಂದ್ರ ಸರಕಾರ 2023ರಲ್ಲಿ ಬ್ರಾಡ್‌ಬ್ಯಾಂಡ್‌ಗೆ ನಿಗದಿ ಮಾಡಿದ ಕನಿಷ್ಠ ವೇಗವಾದ 2 ಮೆಗಾಬಿಟ್‌ನಲ್ಲೂ ಆ ಪುಟ ಕಣ್ಣು ಮಿಟುಕಿಸುವುದರೊಳಗೆ ಬಂದು ಮುಟ್ಟುತ್ತದೆ. ಕನ್ನಡ ಓದುವುದಕ್ಕೆ ಗಿಗಾಬಿಟ್ ಬೇಡ.

ಹಾಗಾದರೆ ಪೋರ್ಟಿನ ವೇಗ ಯಾರಿಗೂ ಬೇಡವೇ? ಹಾಗೆ ಹೇಳಿದರೆ ತಪ್ಪಾದೀತು. ಮೂರು ಸಂದರ್ಭಗಳಲ್ಲಿ ಅದು ಬೇಕೇ ಬೇಕು.

ಒಂದು, ಮನೆಯ ಲೈನೇ 100ಕ್ಕಿಂತ ಹೆಚ್ಚಿನದಾದರೆ. ನಮ್ಮ ರಾಜ್ಯದಲ್ಲಿ 2023ರ ಜೂನ್ 5ರಂದು ಉದ್ಘಾಟನೆಯಾದ ಕೆ-ಫೋನ್ ತನ್ನ ಮೊದಲ ದರಪಟ್ಟಿಯಲ್ಲಿ 20ರಿಂದ 250 ಮೆಗಾಬಿಟ್‌ವರೆಗಿನ ಲೈನುಗಳನ್ನು ಪ್ರಕಟಿಸಿತ್ತು. 250ರ ಲೈನು ಹಾಕಿಸಿಕೊಂಡು ನೂರರ ಪೋರ್ಟಿನ ಯಂತ್ರ ಇಟ್ಟುಕೊಂಡರೆ ತಂತಿಯಲ್ಲಿ 95ರ ಆಸುಪಾಸಿಗಿಂತ ಹೆಚ್ಚು ದಕ್ಕದು. ಉಳಿದದ್ದಕ್ಕೆ ಕಟ್ಟಿದ ಹಣ ನೀರಿಗೆ ಹೋದಂತೆ. ಇಂಥವರು ರೌಟರಿನ ಹಿಂಬದಿಯ ಪೋರ್ಟುಗಳನ್ನೂ ಪರೀಕ್ಷಿಸಬೇಕು. ಅಗ್ಗದ ರೌಟರುಗಳಲ್ಲಿ ನೂರರ ಪೋರ್ಟೇ ಇರುವುದುಂಟು. ಲ್ಯಾಪ್‌ಟಾಪು, ತಂತಿ, ರೌಟರು, ಲೈನು ಈ ನಾಲ್ಕರಲ್ಲಿ ಯಾವುದು ಅತಿ ಕಿರಿದೋ ಅದರ ವೇಗವೇ ಎಲ್ಲದರ ವೇಗ.

ಎರಡು, ಒಂದೇ ಕಟ್ಟಡದೊಳಗೆ ಯಂತ್ರದಿಂದ ಯಂತ್ರಕ್ಕೆ ದೊಡ್ಡ ಫೈಲುಗಳನ್ನು ಸಾಗಿಸುವವರಿಗೆ. ಶಾಲೆಯ ಕಂಪ್ಯೂಟರ್ ಕೊಠಡಿಯೇ ಇದಕ್ಕೆ ಉದಾಹರಣೆ. ಅಲ್ಲಿ ಒಂದು ಯಂತ್ರದಿಂದ ಇನ್ನೊಂದಕ್ಕೆ 20 ಜಿಬಿ ಪಾಠದ ವೀಡಿಯೊ ನಕಲು ಮಾಡಬೇಕಾದರೆ ನೂರರ ಪೋರ್ಟಿನಲ್ಲಿ ಸುಮಾರು 27 ನಿಮಿಷ. ಸಾವಿರದ್ದರಲ್ಲಿ ಮೂರು ನಿಮಿಷದೊಳಗೆ. ಹತ್ತು ಯಂತ್ರಗಳಿಗೆ ಒಂದಾದ ಮೇಲೊಂದು ಮಾಡುವ ಮಾಸ್ತರರಿಗೆ ಇದು ಒಂದು ಇಡೀ ಮಧ್ಯಾಹ್ನದ ಪ್ರಶ್ನೆ. ಇಲ್ಲಿ ನೀರು ಸುರಂಗದಿಂದ ಬರುವುದಲ್ಲ. ತುಂಬಿದ ಕೆರೆಯಿಂದ ಕೆರೆಗೆ ಹರಿಯುವುದು. ಆಗ ಪೈಪಿನ ಅಗಲವೇ ಎಲ್ಲ.

ಮೂರು, ಮದುವೆಯ ವೀಡಿಯೊ ಜೋಡಿಸುವವರು, ಸ್ಟುಡಿಯೊದವರು, ದೊಡ್ಡ ನಕ್ಷೆಗಳೊಂದಿಗೆ ಕೆಲಸ ಮಾಡುವ ಇಂಜಿನಿಯರರು. ಎಲ್ಲರೂ ಹಂಚಿಕೊಳ್ಳುವ ಸಂಗ್ರಹದ ಪೆಟ್ಟಿಗೆಯಿಂದ ಫೈಲು ತೆಗೆದು ಹಾಕುತ್ತಿರುವವರು ಸಾವಿರಕ್ಕಿಂತ ಕಡಿಮೆಯದನ್ನು ಮುಟ್ಟಬಾರದು.

ಈ ಮೂರರಲ್ಲಿ ಒಂದಕ್ಕೂ ಸೇರದ ಸಾಮಾನ್ಯ ಕುಟುಂಬಕ್ಕೆ ಪೋರ್ಟಿನ ವೇಗಕ್ಕಿಂತ ದೊಡ್ಡ ಪ್ರಶ್ನೆ ಬೇರೊಂದಿದೆ: ಯಂತ್ರಕ್ಕೆ ತಂತಿಯ ಪೋರ್ಟೇ ಇದೆಯೇ ಎಂಬುದು. ಈಗಿನ ತೆಳ್ಳಗಿನ ಲ್ಯಾಪ್‌ಟಾಪುಗಳಲ್ಲಿ ಅನೇಕಕ್ಕೆ ಅದು ಇರುವುದೇ ಇಲ್ಲ. ವೈಫೈ ಇರುವಾಗ ತಂತಿ ಯಾಕೆ ಎಂದು ಕೇಳುವವರಿದ್ದಾರೆ. ಉತ್ತರ ನನಗೆ ಚಿಂಬಲ್‌ನಲ್ಲೇ ಕಾಣಸಿಕ್ಕಿತು.

ಅಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು. ರಾತ್ರಿ ಒಂಬತ್ತಕ್ಕೆ ನನ್ನ ಮೊಬೈಲಿನಲ್ಲಿ ನೋಡಿದರೆ ಒಂದೇ ಕೋಣೆಯಲ್ಲಿ ಹದಿನೇಳು ಮನೆಗಳ ವೈಫೈ ಹೆಸರು ಬಂತು. ಸಾಮಾನ್ಯ ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗದಲ್ಲಿ ಒಂದಕ್ಕೊಂದು ಅಡ್ಡ ಬಾರದ ದಾರಿಗಳು ಮೂರೇ. ಮೂರು ಕಾಲುದಾರಿಗಳಲ್ಲಿ ಹದಿನೇಳು ಮನೆಯವರು ಒಟ್ಟಿಗೆ ಹೊರಟರೆ ಏನಾದೀತು? ಹುಡುಗಿ ಹೇಳಿದಳು: “ಸರ್, ಪರೀಕ್ಷಾ ಟೈಮಿನಾಗ ರಾತ್ರಿ ಕ್ಲಾಸ್ ನಡು ನಡುವ ಕಟ್ ಆಗ್ತಿತ್ತು. ನಮ್ಮ ಲೈನ ಸರಿ ಇಲ್ಲಂತ ಅಪ್ಪ ಎರಡು ಸಲ ಕಂಪ್ಲೇಂಟ್ ಕೊಟ್ಟಾರ.” ದೋಷ ಲೈನಿನದಲ್ಲ, ಗಾಳಿಯಲ್ಲಿನ ನೂಕುನುಗ್ಗಲಿನದು. ನನ್ನ ತಮ್ಮನ ಲ್ಯಾಪ್‌ಟಾಪನ್ನು ಅವರ ಮನೆಗೆ ಒಯ್ದು ರೌಟರಿಗೆ ತಂತಿ ಸಿಕ್ಕಿಸಿ ಅರ್ಧ ಗಂಟೆ ಪಾಠ ಹಾಕಿ ನೋಡಿದೆವು. ಒಮ್ಮೆಯೂ ಕಡಿಯಲಿಲ್ಲ. ಅದರ ಪೋರ್ಟು ನೂರರದ್ದು.

ನಮ್ಮಲ್ಲಿ ತೊಂದರೆ ಬೇರೆ ರೀತಿಯದು. ತೋಟದ ನಡುವೆ ಒಂಟಿ ಮನೆ. ನೆರೆಯವರ ವೈಫೈ ಕಾಟವಿಲ್ಲ. ಆದರೆ ಹಳೆಯ ಮನೆಗಳ ಮುರಕಲ್ಲಿನ ಗೋಡೆಗಳು ದಪ್ಪ. ಚಾವಡಿಯಲ್ಲಿರುವ ರೌಟರಿನ ತರಂಗ ಎರಡು ಗೋಡೆ ದಾಟಿ ಒಳಕೋಣೆಗೆ ಬರುವಾಗ ಬಡಕಲಾಗಿರುತ್ತದೆ. 5 ಗಿಗಾಹರ್ಟ್ಸ್‌ನ ವೇಗದ ವೈಫೈ ಅಂತೂ ಗೋಡೆಯೆದುರು ಇನ್ನೂ ದುರ್ಬಲ. 2020ರ ಜೂನ್‌ನಲ್ಲಿ ವಿಕ್ಟರ್ಸ್ ವಾಹಿನಿಯ ‘ಫಸ್ಟ್ ಬೆಲ್’ ಪಾಠಗಳು ಆರಂಭವಾದ ಮೇಲೆ ಕನ್ನಡ ಮಾಧ್ಯಮದ ನಮ್ಮ ಮಕ್ಕಳು ಮೊಬೈಲ್ ಹಿಡಿದು ಗುಡ್ಡ ಹತ್ತಿದ್ದು ಯಾರೂ ಮರೆತಿರಲಾರರು. ಅಂದು ಕೊರತೆಯಾದದ್ದು ಮಹಾವೇಗವಲ್ಲ. ಕಡಿಯದೆ ಬರುವ ಸಣ್ಣ ವೇಗ. ತಂತಿ ಕೊಡುವುದು ಅದನ್ನೇ. 100 ಮೀಟರಿನವರೆಗೆ ಅದು ಗೋಡೆಗೂ ಹೆದರದು, ನೆರೆಯವರಿಗೂ ಹೆದರದು.

ಚಿಂಬಲ್‌ನ ಹುಡುಗಿ ಜಾಣೆ. “ಸರ್, ಮುಂದ ನಮ್ಮನ್ಯಾಗೂ ಜೋರ ಲೈನ ತಗೊಂಡ್ರ?” ಎಂದು ಕೇಳಿದಳು. ಸರಿಯಾದ ಪ್ರಶ್ನೆ. ಇದಕ್ಕೆ ಉಪಾಯವಿದೆ. ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಗಿಗಾಬಿಟ್ ಅಡಾಪ್ಟರ್ ಎಂಬ ಬೆರಳುದ್ದದ ಸಾಧನ ಸಿಗುತ್ತದೆ. ಬೆಲೆ ಆ ಆರು ಸಾವಿರದ ಒಂದು ಸಣ್ಣ ಪಾಲು. ಅದು ಯುಎಸ್‌ಬಿ 3 ಬಗೆಯದಾಗಿರಬೇಕು, ಲ್ಯಾಪ್‌ಟಾಪಿನ ಕಿಂಡಿಯೂ ಅದೇ ಬಗೆಯದಾಗಿರಬೇಕು. ಯುಎಸ್‌ಬಿ 2ರ ಒಟ್ಟು ಸಾಮರ್ಥ್ಯವೇ 480 ಮೆಗಾಬಿಟ್. ಅದರಲ್ಲಿ ಸಾವಿರ ಹರಿಯದು. ಪೋರ್ಟೇ ಇಲ್ಲದ ತೆಳ್ಳಗಿನ ಯಂತ್ರ ಕೊಂಡವರಿಗೂ ಇದೇ ದಾರಿ.

ನಾನು ಅವರಿಬ್ಬರ ಮುಂದೆ ಚೀಟಿಯ ಎರಡೂ ಬದಿಯನ್ನು ಇನ್ನೊಮ್ಮೆ ಓದಿದೆ. ದುಬಾರಿ ಯಂತ್ರದ ಮೆಮೊರಿಯನ್ನು ಒಳಗೇ ಬೆಸುಗೆ ಹಾಕಲಾಗಿತ್ತು, ಮುಂದೆ ಹೆಚ್ಚಿಸುವಂತಿಲ್ಲ. ಅಗ್ಗದ್ದರಲ್ಲಿ ಇನ್ನೊಂದು ಮೆಮೊರಿ ಹಾಕಲು ಖಾಲಿ ಜಾಗವಿತ್ತು. ಕಂಪ್ಯೂಟರ್ ಕಲಿಯುವ ವಿದ್ಯಾರ್ಥಿಗೆ ಎರಡನೆಯ ಮೂರನೆಯ ವರ್ಷದಲ್ಲಿ 8 ಜಿಬಿ ಸಾಲದೆ ಹೋದೀತು. ಪೋರ್ಟಿನ ಕೊರತೆಯನ್ನು ಹೊರಗಿನಿಂದ ಯಾವಾಗ ಬೇಕಾದರೂ ತುಂಬಬಹುದು; ಬೆಸುಗೆ ಹಾಕಿದ ಮೆಮೊರಿಯನ್ನು ತುಂಬಲಾಗದು. ಲ್ಯಾಪ್‌ಟಾಪ್ ಕೊಳ್ಳುವ ಪ್ರತಿಯೊಬ್ಬ ತಂದೆ ತಾಯಿಯೂ ಮೊದಲು ನೋಡಬೇಕಾದದ್ದು ಇದನ್ನೇ: ಮುಂದೆ ಬದಲಾಯಿಸಲಾಗದ್ದು ಯಾವುದು? ಮೆಮೊರಿ, ಸಂಗ್ರಹ, ಪರದೆ, ಕೀಲಿಮಣೆ, ಬ್ಯಾಟರಿ, ಹತ್ತಿರದಲ್ಲಿ ರಿಪೇರಿಯ ಅನುಕೂಲ. ಪೋರ್ಟಿನ ವೇಗ ಈ ಸಾಲಿನ ಕೊನೆಗೆ ನಿಲ್ಲುತ್ತದೆ. ಬೆಲೆ ಒಂದೇ ಆಗಿದ್ದು ಉಳಿದದ್ದೆಲ್ಲ ಸಮನಾಗಿದ್ದರೆ ಸಾವಿರದ್ದನ್ನೇ ತೆಗೆದುಕೊಳ್ಳಿ. ಅದಕ್ಕೆಂದೇ ಹಣ ಹೆಚ್ಚು ಕೊಡಬೇಡಿ.

ತಂತಿಯ ಬಗ್ಗೆ ಎರಡು ಮಾತು. ಕೊಳ್ಳುವಾಗ ‘ಕ್ಯಾಟ್ 5ಇ’ ಅಥವಾ ‘ಕ್ಯಾಟ್ 6’ ಎಂದು ಮೈಮೇಲೆ ಮುದ್ರಿಸಿರುವುದನ್ನು ಕೇಳಿ ಪಡೆಯಿರಿ. ಮನೆಯ ಉಪಯೋಗಕ್ಕೆ ಎರಡೂ ಗಿಗಾಬಿಟ್‌ವರೆಗೆ ಸಾಕು. ಬಾಗಿಲ ಸಂದಿಯಲ್ಲಿ ಜಜ್ಜಬಾರದು, ಮೂಲೆಯಲ್ಲಿ ಕೀಲು ಮುರಿದಂತೆ ಬಗ್ಗಿಸಬಾರದು.

ಇನ್ನೊಂದು, ನಮ್ಮ ಊರಿಗೆ ವಿಶೇಷವಾದದ್ದು. ತುಲಾ ಮಾಸದ ಸಂಜೆಗಳಲ್ಲಿ ಇಲ್ಲಿ ಸಿಡಿಲಿನ ಅಬ್ಬರ ಎಲ್ಲರಿಗೂ ಗೊತ್ತು. ಹಿಂದೆ ತಾಮ್ರದ ಟೆಲಿಫೋನ್ ತಂತಿಯಲ್ಲಿ ಇಂಟರ್ನೆಟ್ ಬರುತ್ತಿದ್ದಾಗ ಸಿಡಿಲಿನ ಹೊಡೆತ ಅದೇ ದಾರಿಯಲ್ಲಿ ಮನೆಯೊಳಗೆ ಬಂದು ಮೋಡೆಮ್ ಸುಡುತ್ತಿತ್ತು. ಈಗಿನ ಫೈಬರಿನ ಒಳಗಿರುವುದು ಗಾಜಿನ ಎಳೆ. ಬೆಳಕನ್ನು ಸಾಗಿಸುತ್ತದೆ, ವಿದ್ಯುತ್ತನ್ನು ಸಾಗಿಸದು. ಹಾಗೆಂದು ನಿಶ್ಚಿಂತರಾಗುವಂತಿಲ್ಲ. ರೌಟರಿಗೆ ಕರೆಂಟಿನ ದಾರಿಯಿಂದ ಬಂದ ಹೊಡೆತ ನಾವು ಹಾಕಿದ ತಾಮ್ರದ ತಂತಿಯ ಮೂಲಕ ಲ್ಯಾಪ್‌ಟಾಪಿಗೆ ದಾಟಬಹುದು. ಮೋಡ ಕವಿಯುವಾಗಲೇ ರೌಟರಿನ ಪ್ಲಗ್ಗು, ಲ್ಯಾಪ್‌ಟಾಪಿನ ಚಾರ್ಜರು, ಈ ತಂತಿ ಮೂರನ್ನೂ ಕಿತ್ತಿಡಬೇಕು. ಗುಡುಗು ಶುರುವಾದ ಮೇಲೆ ಕೀಳಲು ಹೋಗಬಾರದು.

ಮರುದಿನವೇ ತಂದೆ ಮಗಳು ಪಣಜಿಗೆ ಹೋಗಿ ನೂರರ ಯಂತ್ರವನ್ನು ತಂದರು. ಬರುವಾಗ ಹದಿನೈದು ಮೀಟರ್ ನೀಲಿ ತಂತಿಯನ್ನೂ ಕಟ್ಟಿಸಿಕೊಂಡು ಬಂದಿದ್ದರು. ಉಳಿದ ಹಣವನ್ನು ಮೆಮೊರಿಗೆಂದು ತಾಯಿ ಬೇರೆ ತೆಗೆದಿಟ್ಟರು.

ಜುಲೈ ಕೊನೆಯಲ್ಲಿ ಅವರು ಫೋನು ಮಾಡಿದ್ದರು. “ಸರ, ವೈರ್ ಗ್ವಾಡಿಗುಂಟ ಕ್ಲಿಪ್ ಹೊಡದು ಹುಡುಗಿ ಓದೋ ಮೂಲಿಗೆ ಒಯ್ದೀನ್ರಿ. ಈಗ ಕ್ಲಾಸ್ ಕಟ್ ಆಗವಲ್ದು” ಎಂದರು. ಗೋಡೆ ಕಟ್ಟುವ ಕೈ. ತಂತಿಯನ್ನು ಒಂದೆಡೆಯೂ ಸೊಟ್ಟ ಹೋಗದಂತೆ ಹೊಡೆದಿರುತ್ತಾರೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ.